ಸರ್ ಕೆ. ಶೇಷಾದ್ರಿ ಅಯ್ಯರ್: ಕೇಳಿ ತಿಳಿದ ದಿವಾನರು

ಬಸವನಗುಡಿ, ಮಲ್ಲೇಶ್ವರಗಳ ನೇರವಾದ ಬೀದಿಗಳಲ್ಲಿ ಸಂಚರಿಸುವ ನಾಗರಿಕರಲ್ಲಿ, ಆ ಬಡಾವಣೆಗಳಿಗೆ ಕಾರಣರಾದ ದಿವಾನರನ್ನು ಸ್ಮರಿಸುವವರು ವಿರಳ. ಸರ್ ಕೆ. ಶೇಷಾದ್ರಿ ಅಯ್ಯರವರು 1845ರಲ್ಲಿ ಪಾಲಘಾಟಿನ ಸೀಮೆಯಲ್ಲಿ ಜನಿಸಿ, ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ವ್ಯಾಸಂಗಮಾಡಿ, 1868ರಲ್ಲಿ ಮೈಸೂರು ಸಂಸ್ಥಾನದ ಸೇವೆಗೆ ಸೇರಿದರು. ರಂಗಾಚಾರ್ಲು ಅವರ ತರುವಾಯ 1883ರಿಂದ 1901ರವರೆಗೆ ದಿವಾನಗಿರಿಯನ್ನು ನಿರ್ವಹಿಸಿದರು. ಅವರು ನ್ಯಾಯಶಾಸ್ತ್ರದ ಪದವೀಧರರೇ ಹೊರತು ಯಂತ್ರಶಾಸ್ತ್ರವನ್ನು ಅಭ್ಯಾಸಮಾಡಿದವರಲ್ಲ. ಆದರೂ ವಿಜ್ಞಾನವನ್ನು ರಾಜ್ಯಕಾರ್ಯದಲ್ಲಿ ಉಪಯೋಗಿಸಿದವರಲ್ಲಿ ಅವರು ಅಗ್ರಗಣ್ಯರು. ಇದು ಹೇಗೆ ಸಾಧ್ಯವಾಯಿತೆಂಬುದು ವಿಚಾರಾರ್ಹವಾಗಿದೆ.

ತಾವರಿಯದುದನ್ನು ಅರಿತವರಿಂದ ಕೇಳಿ ತಿಳಿಯುವುದು ಅವರ ಪದ್ಧತಿ. ನಾಡಿನ ನೆಲದೊಳಗೆ ಏನಿರಬಹುದೆಂದು ಊಹಿಸುತ್ತ ಕೂಡದೆ, 1894ರಲ್ಲಿ ಭೂಗರ್ಭಶೋಧನೆಯ ಇಲಾಖೆಯನ್ನೇ ಸ್ಥಾಪಿಸಿದರು. ಶಿವನಸಮುದ್ರದ ಜಲಪಾತದಿಂದ ವಿದ್ಯುಚ್ಛಕ್ತಿಯನ್ನು ಪಡೆಯಬಹುದೆಂಬ ಸಲಹೆ ಬಂದಾಗ ಅದನ್ನು ಹಗಲುಗನಸೆಂದು ತಳ್ಳಲೂ ಇಲ್ಲ, ಕಣ್ಣುಮುಚ್ಚಿ ಒಪ್ಪಲೂ ಇಲ್ಲ. ಇಂಜನಿಯರಾದ ಜೋಲಿ ಡಿ ಲಾಟ್‌ಬಿನಿಯರ್ ಅವರನ್ನು ಯೂರೋಪು, ಅಮೆರಿಕಗಳಿಗೆ ಕಳುಹಿಸಿ, ಅಲ್ಲಿನ ಯಂತ್ರಾಗಾರಗಳನ್ನು ಕಣ್ಣಾರೆ ನೋಡಿ ತಜ್ಞರೊಡನೆ ಸಮಾಲೋಚಿಸಿ ಬರುವಂತೆ ಏರ್ಪಡಿಸಿದರು. ತಯಾರಾದ ಶಕ್ತಿಯನ್ನು ಕೊಳ್ಳುವವರು ಯಾರೆಂಬುದನ್ನೂ ಮರೆಯಲಿಲ್ಲ. ಕೋಲಾರದ ಚಿನ್ನದ ಗಣಿಗಳವರೊಡನೆ ಕರಾರು ಏರ್ಪಟ್ಟಿತು. ಜಲಚಕ್ರಗಳು ಸ್ವಿಟ್ಸರ್ಲೆಂಡಿನಿಂದಲೂ ವಿದ್ಯುದ್ಯಂತ್ರಗಳು ಅಮೆರಿಕದಿಂದಲೂ ಬಂದುವು. 92 ಮೈಲಿಗಳ ದೂರಕ್ಕೆ ತಂತಿಯಲ್ಲಿ ಶಕ್ತಿಯನ್ನು ಒಯ್ಯುವುದು ಆ ಕಾಲದ ಪ್ರಪಂಚದಲ್ಲಿಯೇ ಸಾಹಸವಾಗಿತ್ತು. ಅದು ವಿಫಲವಾಗಿದ್ದಲ್ಲಿ ನಷ್ಟವು ಪ್ರಜೆಗಳ ತೆರಿಗೆಯ ಹಣಕ್ಕೇ ತಟ್ಟುತ್ತಿತ್ತು.

1898ರಲ್ಲಿ ಬೆಂಗಳೂರಿಗೆ ಪ್ಲೇಗು ಮಹಾಮಾರಿ ತಗುಲಿತು. ಪೇಟೆಯ ಇಕ್ಕಟ್ಟಾದ ಓಣಿಗಳೇ ರೋಗಕ್ಕೆ ಆಶ್ರಯವೆಂಬುದು ಮನದಟ್ಟಾಗಿ, ಗಾಳಿಬೆಳಕುಗಳಿಗೆ ಅವಕಾಶವುಳ್ಳ ಹೊಸ ಬಡಾವಣೆಗಳ ಕಾರ್ಯವು ತ್ವರಿತಗೊಂಡಿತು. ವಿಪತ್ತಿನಿಂದಲೂ ಪಾಠ ಕಲಿಯಬಹುದೆಂಬುದಕ್ಕೆ ಇದು ನಿದರ್ಶನ.

ದಿವಾನರ ಆಡಳಿತವು ಆಕ್ಷೇಪಣೆಗೆ ಅತೀತವಾದುದೇನಲ್ಲ. ಉನ್ನತ ಹುದ್ದೆಗಳು ಮದರಾಸಿನವರ ಪಾಲಾದುವೆಂಬ ಅಸಮಾಧಾನವು ಮೈಸೂರಿಗರಲ್ಲಿ ಪ್ರಬಲವಾಗಿತ್ತು. ಕಾವೇರಿಯ ಶಕ್ತಿಯು 1902ರ ಜೂನ್ 30ರಂದು ಮೊದಲು ಮುಟ್ಟಿದ್ದು ವಿದೇಶೀಯರ ಗಣಿಗಳನ್ನು. ಬೆಂಗಳೂರಿನ ಬೀದಿಗಳಿಗೆ ಆ ಬೆಳಕು ದೊರೆತದ್ದು 1905ರಲ್ಲಿ. ಆದರೆ ಗಣಿಗಳಿಂದ ಬಂದ ಆದಾಯವೇ ಈ ಉದ್ಯಮವನ್ನು ನಿಲ್ಲಿಸಿತೆಂಬುದನ್ನೂ ಒಪ್ಪಬೇಕು.

1901ರ ಸೆಪ್ಟೆಂಬರಿನಲ್ಲಿ ಕಾಲವಶರಾದ ಶೇಷಾದ್ರಿ ಅಯ್ಯರವರು ತಮ್ಮ ಪ್ರಯತ್ನದ ಫಲವನ್ನು ಕಾಣಲಿಲ್ಲ. ಅಧಿಕಾರದಲ್ಲಿರುವವನು ಸರ್ವಜ್ಞನಾಗಬೇಕಿಲ್ಲ. ಅರಿತವರನ್ನು ಹುಡುಕುವ ವಿನಯ, ಅವರ ಮಾತನ್ನು ಪರೀಕ್ಷಿಸುವ ವಿವೇಕ, ನಿಶ್ಚಯಿಸಿದ ಮೇಲೆ ಹೊಣೆಯನ್ನು ಹೊರುವ ಧೈರ್ಯ, ಈ ಮೂರಿದ್ದರೆ ಸಾಕು. ಈ ಮೂರನ್ನೂ ಇಂದಿನ ಅಧಿಕಾರಿವರ್ಗದವರು ಅವರ ಜೀವನದಿಂದ ಕಲಿಯಬಹುದಾಗಿದೆ.