ಗೆರೆಗಳ ಸಾಧಕ ಪೀಟ್ ಮೊಂಡ್ರಿಯಾನ್

ಬಿಳಿಯ ಹಾಳೆಯ ಮೇಲೆ ಅಡ್ಡಡ್ಡ, ಉದ್ದುದ್ದ ನಾಲ್ಕಾರು ಕಪ್ಪು ಗೆರೆಗಳು. ನಡುವೆ ಕೆಂಪು, ನೀಲಿ, ಹಳದಿಯ ಚೌಕಗಳು. ಪೀಟ್ ಮೊಂಡ್ರಿಯಾನನ ಚಿತ್ರವನ್ನು ಮೊದಲ ಸಲ ಕಂಡವರು ಇದೇನು ಮಹಾ, ನಮ್ಮ ಮನೆಯ ಮಗುವೂ ಬರೆದೀತು ಎನ್ನುವುದುಂಟು. ಈಗಂತೂ ಕಂಪ್ಯೂಟರಿನ ಮುಂದೆ ಕುಳಿತರೆ ಹತ್ತು ನಿಮಿಷದಲ್ಲಿ ಅಂಥ ಹತ್ತು ಚಿತ್ರಗಳನ್ನು ಮಾಡಬಹುದು. ಒಂದು ಬಿಡುವಿನ ವೇಳೆಯಲ್ಲಿ ನಾವು ಕೆಲವು ಗೆಳೆಯರು ಹಾಗೆ ಮಾಡಿ ನಕ್ಕದ್ದೂ ಉಂಟು. ಒಬ್ಬನು ನಮ್ಮ ತರಗತಿಯ ವೇಳಾಪಟ್ಟಿಯನ್ನೇ ಮೊಂಡ್ರಿಯಾನನ ಚಿತ್ರವಾಗಿ ಮಾರ್ಪಡಿಸಿದನು. ಪ್ರಿಯವಾದ ಪಾಠಕ್ಕೆ ಹಳದಿ, ಕಠಿಣವಾದುದಕ್ಕೆ ಕೆಂಪು, ಬಿಡುವಿಗೆ ಬಿಳಿ! ಆಟ ಸೊಗಸಾಗಿತ್ತು. ಆದರೆ ಆ ನಾಲ್ಕು ಗೆರೆಗಳನ್ನು ಮುಟ್ಟಲು ಮೊಂಡ್ರಿಯಾನನು ಸುಮಾರು ಮೂವತ್ತು ವರ್ಷ ನಡೆದಿದ್ದನೆಂಬುದು ಅಂದು ನಮಗೆ ತಿಳಿದಿರಲಿಲ್ಲ.

ಆತನು ಹುಟ್ಟಿದ್ದು 1872ರ ಮಾರ್ಚ್ 7ರಂದು, ಹಾಲೆಂಡಿನ ಆಮರ್ಸ್‌ಫೋರ್ಟ್ ಎಂಬ ಊರಿನಲ್ಲಿ. ತಂದೆ ಪ್ರಾಥಮಿಕ ಶಾಲೆಯ ಮುಖ್ಯೋಪಾಧ್ಯಾಯ, ಧರ್ಮನಿಷ್ಠೆಯ ಮನೆತನ. ಚಿಕ್ಕಪ್ಪ ಫ್ರಿಟ್ಸ್ ಚಿತ್ರಕಾರ. ಹೀಗಾಗಿ ಕುಂಚ ಹುಡುಗನಿಗೆ ಮನೆಯಲ್ಲೇ ದೊರೆಯಿತು. ಚಿತ್ರಕಲೆಯ ಉಪಾಧ್ಯಾಯನಾಗುವ ಪರೀಕ್ಷೆಗಳನ್ನು ಮುಗಿಸಿ, 1892ರಲ್ಲಿ ಆಮ್‌ಸ್ಟರ್‌ಡ್ಯಾಮಿನ ಕಲಾಶಾಲೆಯನ್ನು ಸೇರಿದನು. ಆಗ ಆತ ಬರೆಯುತ್ತಿದ್ದುದು ಗಾಳಿಗಿರಣಿ, ಹೊಳೆಯ ದಂಡೆ, ಮರಗಿಡಗಳನ್ನು. ಕಣ್ಣಿಗೆ ಕಂಡುದನ್ನು ಕಂಡಂತೆ ಬರೆಯುವುದರಲ್ಲಿ ಆತನ ಕೈ ಚೆನ್ನಾಗಿ ಪಳಗಿತ್ತು.

ಆದರೆ ಕಂಡುದರ ಹಿಂದೆ ಇರುವುದೇನೆಂಬ ಪ್ರಶ್ನೆ ಆತನನ್ನು ಬಿಡಲಿಲ್ಲ. ನಮ್ಮ ಅಡಯಾರಿನಲ್ಲಿ ಕೇಂದ್ರವುಳ್ಳ ಥಿಯಾಸಫಿಕಲ್ ಸೊಸೈಟಿಗೆ 1909ರಲ್ಲಿ ಆತ ಸದಸ್ಯನಾದುದು ಈ ಹುಡುಕಾಟದಲ್ಲಿಯೇ. 1911ರಲ್ಲಿ ಆಮ್‌ಸ್ಟರ್‌ಡ್ಯಾಮಿನ ಒಂದು ಪ್ರದರ್ಶನದಲ್ಲಿ ಪಿಕಾಸೊ, ಬ್ರಾಕ್ ಮೊದಲಾದವರ ಹೊಸ ಚಿತ್ರಗಳನ್ನು ಕಂಡು ಬೆರಗಾದನು. ವಯಸ್ಸು ನಲವತ್ತು ಸಮೀಪಿಸಿತ್ತು. ಊರಿನಲ್ಲಿ ಹೆಸರೂ ಇತ್ತು. ಎಲ್ಲವನ್ನೂ ಬಿಟ್ಟು, ಹೊಸ ವಿದ್ಯಾರ್ಥಿಯಂತೆ ಪ್ಯಾರಿಸಿಗೆ ಹೊರಟುಹೋದನು.

ಆ ಕಾಲದಲ್ಲಿ ಆತ ಬರೆದ ಮರಗಳನ್ನು ಸಾಲಾಗಿ ಇಟ್ಟು ನೋಡಬೇಕು. ಮೊದಲನೆಯದು ಕೆಂಪು ಮರ, ಕೊಂಬೆರೆಂಬೆಗಳೆಲ್ಲ ಉರಿಯುವಂತಿವೆ. 1911ರ ಬೂದು ಮರದಲ್ಲಿ ಬಣ್ಣವಿಳಿದು ಕೊಂಬೆಗಳ ಬಾಗು ಮಾತ್ರ ಉಳಿದಿದೆ. 1912ರ ಹೂಬಿಟ್ಟ ಸೇಬಿನ ಮರದಲ್ಲಿ ಮರವೇ ಕರಗಿ, ಗೆರೆಗಳ ಬಲೆಯೊಂದು ನಿಂತಿದೆ. ಒಂದೊಂದು ಚಿತ್ರದಲ್ಲಿಯೂ ಆತ ಏನನ್ನೋ ಕೂಡಿಸಲಿಲ್ಲ, ಕಳೆದನು. ಅಕ್ಕಿಯನ್ನು ಕೇರುವವಳು ಹೊಟ್ಟನ್ನು ಹಾರಿಸುವಂತೆ ಬೇಡವಾದುದನ್ನು ಹಾರಿಸುತ್ತ ಹೋದನು.

1914ರಲ್ಲಿ ಊರಿಗೆ ಬಂದಿದ್ದಾಗ ಮಹಾಯುದ್ಧ ಹೊತ್ತಿಕೊಂಡು, ಐದು ವರ್ಷ ಹಾಲೆಂಡಿನಲ್ಲೇ ನಿಲ್ಲಬೇಕಾಯಿತು. ಆಗ ಸಮುದ್ರತೀರದ ನೋಟವನ್ನು, ಅಲೆಗಳ ಮಿನುಗನ್ನು, ಅಡ್ಡ ಮತ್ತು ನೆಟ್ಟ ಸಣ್ಣ ಗೆರೆಗಳಲ್ಲಿಯೇ ಹಿಡಿಯಲು ಯತ್ನಿಸಿದನು. 1917ರಲ್ಲಿ ವಾನ್ ಡೂಸ್ಬರ್ಗ್ ಮೊದಲಾದ ಗೆಳೆಯರೊಡನೆ ‘ಡೆ ಸ್ಟೈಲ್’ ಎಂಬ ಪತ್ರಿಕೆಗೆ ಕೈಜೋಡಿಸಿದನು. ಒಬ್ಬ ವ್ಯಕ್ತಿಯ ಒಲವು ನಿಲವುಗಳನ್ನು ಮೀರಿ, ಎಲ್ಲರಿಗೂ ಸಲ್ಲುವ ಕಲೆಯೊಂದು ಬೇಕೆಂಬುದು ಅವರ ಆಶಯ.

1919ರಲ್ಲಿ ಪ್ಯಾರಿಸಿಗೆ ಮರಳಿದ ಮೇಲೆ ಆತನ ಪ್ರಸಿದ್ಧ ಶೈಲಿ ನೆಲೆಗೊಂಡಿತು. ಖ್ಯಾತಿ ಬಂದರೂ ಹಣ ಬರಲಿಲ್ಲ. ಹೊಟ್ಟೆಯ ಪಾಡಿಗಾಗಿ ಹೂಗಳ ಚಿತ್ರ ಬರೆದು ಮಾರಿದನು. ತನ್ನ ನಿಜವಾದ ಕೆಲಸದಲ್ಲಿ ಮಾತ್ರ ಹೂವನ್ನು ಸೇರಿಸಲಿಲ್ಲ. ಗೆಳೆಯ ಡೂಸ್ಬರ್ಗ್ ಓರೆಗೆರೆಗಳನ್ನು ಬಳಸತೊಡಗಿದಾಗ ಆ ಸಖ್ಯವೂ ಕಡಿಯಿತು. ನಾಜಿಗಳು 1937ರಲ್ಲಿ ಆಧುನಿಕ ಕಲೆಯನ್ನು ಹೀಯಾಳಿಸಲು ಏರ್ಪಡಿಸಿದ ಪ್ರದರ್ಶನದಲ್ಲಿ ಆತನ ಚಿತ್ರಗಳೂ ಇದ್ದವು. ಮುಂದಿನ ವರ್ಷ ಲಂಡನ್ನಿಗೂ, ಅಲ್ಲಿ ಬಾಂಬುಗಳು ಬೀಳತೊಡಗಿದಾಗ 1940ರಲ್ಲಿ ನ್ಯೂಯಾರ್ಕಿಗೂ ಹೋದನು.

ಅರವತ್ತೆಂಟರ ಮುದುಕ, ಪರದೇಶ. ಇನ್ನೇನು ಮಾಡಿಯಾನು ಎನ್ನಬಹುದು. ಆದರೆ ಆತನ ಕಲೆ ಕುಣಿದದ್ದು ಅಲ್ಲಿಯೇ! ನೀಗ್ರೋ ವಾದಕರು ಪಿಯಾನೊದಲ್ಲಿ ನುಡಿಸುತ್ತಿದ್ದ ಬೂಗಿ ವೂಗಿ ಸಂಗೀತಕ್ಕೆ ಆತ ಮರುಳಾದನು. ಬಣ್ಣದ ಅಂಟುಪಟ್ಟಿಗಳನ್ನು ಹಚ್ಚಿ, ಕಿತ್ತು, ಮತ್ತೆ ಹಚ್ಚಿ ನೋಡುತ್ತಿದ್ದನು. 1942-43ರ ‘ಬ್ರಾಡ್‌ವೇ ಬೂಗಿ ವೂಗಿ’ ಚಿತ್ರದಲ್ಲಿ ಕಪ್ಪು ಗೆರೆಗಳು ಮಾಯವಾಗಿ, ಹಳದಿ ಬೀದಿಗಳಲ್ಲಿ ಪುಟ್ಟ ಚೌಕಗಳು ಮಕ್ಕಳಂತೆ ಓಡಾಡುತ್ತಿವೆ. ಇನ್ನೊಂದು ಚಿತ್ರ ಮುಗಿಯುವ ಮೊದಲೇ, 1944ರ ಫೆಬ್ರವರಿ 1ರಂದು ನ್ಯುಮೋನಿಯಾದಿಂದ ತೀರಿಕೊಂಡನು.

ಇಪ್ಪತ್ತು ವರ್ಷಗಳ ಮೇಲೆ, 1964ರಲ್ಲಿ, ಅಮೆರಿಕದ ಬೆಲ್ ಪ್ರಯೋಗಾಲಯದ ಇಂಜಿನಿಯರ್ ಮೈಕೇಲ್ ನಾಲ್ ಎಂಬಾತ, ಮೊಂಡ್ರಿಯಾನನ 1917ರ ಗೆರೆಚಿತ್ರವೊಂದನ್ನು ಅನುಸರಿಸಿ ಕಂಪ್ಯೂಟರಿನಿಂದ ಚಿತ್ರ ಮಾಡಿಸಿದನು. ಎರಡರ ಪ್ರತಿಗಳನ್ನೂ ನೂರು ಮಂದಿಗೆ ತೋರಿಸಲಾಗಿ, ಯಂತ್ರದ್ದು ಯಾವುದೆಂದು ಸರಿಯಾಗಿ ಗುರುತಿಸಿದವರು 28 ಮಂದಿ. ಯಂತ್ರದ ಚಿತ್ರವೇ ಮೇಲೆಂದವರು 59 ಮಂದಿ!

ಹಾಗಾದರೆ ಮೊಂಡ್ರಿಯಾನನು ಸೋತನೆ? ನನಗೆ ಹಾಗೆ ತೋರುವುದಿಲ್ಲ. ಎಲ್ಲರಿಗೂ ಸಲ್ಲುವ ಕಲೆಯನ್ನು ಬಯಸಿದವನ ಭಾಷೆಯನ್ನು ಯಂತ್ರವೂ ಆಡಬಲ್ಲುದಾದರೆ ಅದು ಆತನ ಗೆಲುವೇ ಸರಿ. ಯಂತ್ರ ಗೆರೆಗಳನ್ನು ಚೆಲ್ಲಿತು, ನಿಜ. ಆದರೆ ಅದು ಸಮುದ್ರವನ್ನು ನೋಡಿರಲಿಲ್ಲ. ಮರವನ್ನೂ ಅಲೆಯನ್ನೂ ನೋಡಿ ನೋಡಿ ಆ ಗೆರೆಗಳನ್ನು ಕಂಡುಕೊಂಡವನು ಮೊಂಡ್ರಿಯಾನನು.

ನಮ್ಮ ವೇಳಾಪಟ್ಟಿಯ ಚಿತ್ರದಲ್ಲಿ ಗೆಳೆಯನು ಒಂದು ಗೆರೆಯನ್ನು ಬೆರಳಗಲ ಸರಿಸಿದಾಗ ಇಡೀ ಚಿತ್ರವೇ ವಾಲಿದಂತಾಯಿತು. ಅದನ್ನು ಸರಿಪಡಿಸಲು ನಮಗೆ ಸಂಜೆಯಾಯಿತು. ಅಂದಿನಿಂದ ನಾವು ಆ ಚಿತ್ರಗಳನ್ನು ನೋಡಿ ನಗುವುದನ್ನು ಬಿಟ್ಟಿದ್ದೇವೆ. ಆಟವನ್ನು ಮಾತ್ರ ಬಿಟ್ಟಿಲ್ಲ.