ನವಕೋಟಿ ದೊರೆಯ ಹೆಸರು ಹೊತ್ತ ಕಾಡು

ಭಾನುವಾರ ಬಂತೆಂದರೆ ಪಾವಗಡ, ಮಧುಗಿರಿ, ಕೊರಟಗೆರೆ ಕಡೆಯ ಜನ ಬುತ್ತಿ ಕಟ್ಟಿಕೊಂಡು ದೇವರಾಯನದುರ್ಗದ ಕಾಡಿಗೆ ಹೊರಡ್ತಾರೆ. ನಾಮದ ಚಿಲುಮೆಯಲ್ಲಿ ಜಿಂಕೆ ನೋಡಿ, ಬೆಟ್ಟ ಹತ್ತಿ ನರಸಿಂಹನಿಗೆ ಕೈಮುಗಿದು ಬರ್ತಾರೆ. ಆ ದೇವರಾಯ ಯಾರು ಅಂದರೆ ಮಾತ್ರ ತಲೆ ಕೆರೆದುಕೊಳ್ಳೋರೇ ಹೆಚ್ಚು.

ಅವರೇ ಮೈಸೂರಿನ ಚಿಕ್ಕದೇವರಾಜ ಒಡೆಯರು. ಹುಟ್ಟಿದ್ದು 1645ರಲ್ಲಿ, ಪಟ್ಟಕ್ಕೆ ಬಂದದ್ದು 1673ರಲ್ಲಿ. ಐದೇ ವರ್ಷಕ್ಕೆ, 1678ರಲ್ಲಿ, ಮಧುಗಿರಿ ಕೋಟೆ ಮೈಸೂರಿನ ಕೈಸೇರಿತು. ಮುಂದೆ ಜಡಕನೆಂಬ ಪಾಳೆಗಾರನ ದುರ್ಗವೂ ಬಿತ್ತು, ಜಡಕನದುರ್ಗ ದೇವರಾಯನದುರ್ಗವಾಯಿತು. ಸಿರಾ ಮಾತ್ರ ದಕ್ಕಲಿಲ್ಲ. 1687ರಲ್ಲಿ ಅಲ್ಲಿ ಮೊಗಲರು ಬಂದು ಕೂತರು. ದೊರೆ ಜಗಳಕ್ಕೆ ಹೋಗದೆ ಮೊಗಲ್ ಸೇನಾನಿ ಖಾಸಿಂ ಖಾನನಿಗೆ ಮೂರು ಲಕ್ಷ ರೂಪಾಯಿ ಎಣಿಸಿ ಬೆಂಗಳೂರನ್ನೇ ಕೊಂಡರು. ಪಕ್ಕಾ ವ್ಯಾಪಾರ!

ಆಡಳಿತಕ್ಕೆ ಹದಿನೆಂಟು ಕಚೇರಿ ಮಾಡಿದರು, ಅಂಚೆ ನಡೆಸಿದರು. ದಿನಾ ಎರಡು ಸಾವಿರ ವರಹ ಖಜಾನೆಗೆ ಬೀಳದೆ ಊಟ ಮುಟ್ಟುತ್ತಿರಲಿಲ್ಲ ಅಂತ ಪ್ರತೀತಿ. ನವಕೋಟಿ ನಾರಾಯಣ ಅಂತಲೇ ಹೆಸರಾಯಿತು. ಕಂದಾಯದ ಬಿಸಿಗೆ ರೈತರು ದಂಗೆ ಎದ್ದದ್ದೂ, ಅದನ್ನು ಕರುಣೆಯಿಲ್ಲದೆ ಅಡಗಿಸಿದ್ದೂ ಉಂಟು. 1704ರಲ್ಲಿ ದೊರೆ ತೀರಿಕೊಂಡರು.

ಆ ಒಂಬತ್ತು ಕೋಟಿ ಇಂದು ಯಾರ ಪೆಟ್ಟಿಗೆಯಲ್ಲೂ ಇಲ್ಲ. ಉಳಿದದ್ದು ಹೆಸರು ಹೊತ್ತ ಕಾಡು. ಕೊರಟಗೆರೆ, ಮಧುಗಿರಿ ಸೀಮೆಯಲ್ಲಿ ಹರಿಯುವ ಜಯಮಂಗಲಿ ಹುಟ್ಟೋದು ಅಲ್ಲೇ. ಬೇಸಿಗೆಯಲ್ಲಿ ಯಾರೋ ಎಸೆದ ಬೀಡಿತುಂಡಿಗೆ ಆ ಕಾಡು ಹತ್ತಿಕೊಂಡರೆ ಸುಡೋದು ದೊರೆಯ ಖಜಾನೆಯಲ್ಲ, ಕೆಳಗಿನ ಊರುಗಳ ನೀರಿನ ಗಂಟು.