ಗೌತಮ ಗಣಧರರ ಕೊನೆಯ ಬಂಧನ

ಭಗವಾನ್ ಮಹಾವೀರರ ಪ್ರಥಮ ಗಣಧರರಾದ ಇಂದ್ರಭೂತಿ ಗೌತಮರು ಮಗಧದೇಶದ ವಿಪ್ರಕುಲದಲ್ಲಿ ಜನಿಸಿದವರು. ಅಗ್ನಿಭೂತಿ, ವಾಯುಭೂತಿ ಅವರ ಸೋದರರು. ವೇದವೇದಾಂಗಗಳಲ್ಲಿ ಪಾರಂಗತರಾಗಿ, ಐನೂರು ಶಿಷ್ಯರಿಗೆ ಗುರುವಾಗಿದ್ದ ಅವರಿಗೆ ತಮ್ಮ ಪಾಂಡಿತ್ಯದಲ್ಲಿ ಯಾವ ಕೊರತೆಯೂ ತೋರುತ್ತಿರಲಿಲ್ಲ. ತನ್ನನ್ನು ತಾನೇ ಪರಿಪೂರ್ಣನೆಂದು ಬಗೆಯುವುದು ದೃಷ್ಟಿಗೆ ಕವಿಯುವ ಮೊದಲ ಮಬ್ಬು.

ದಿಗಂಬರ ಪರಂಪರೆಯಂತೆ, ಕೇವಲಜ್ಞಾನಿಯಾದ ಮೇಲೆಯೂ ಗಣಧರರಿಲ್ಲದೆ ಮಹಾವೀರರ ದಿವ್ಯಧ್ವನಿ 66 ದಿನ ಹೊಮ್ಮಲಿಲ್ಲ. ಇಂದ್ರನು ವೃದ್ಧ ಬ್ರಾಹ್ಮಣನ ವೇಷದಲ್ಲಿ ಬಂದು ಕೇಳಿದ ಶ್ಲೋಕದ ಅರ್ಥ ಇಂದ್ರಭೂತಿಗಳಿಗೆ ಹೊಳೆಯಲಿಲ್ಲ. ವಾದ ಮಾಡಿ ಗೆಲ್ಲುವೆನೆಂದು ಹೊರಟ ಅವರು ಸಮವಸರಣದ ಮಾನಸ್ತಂಭವನ್ನು ಕಂಡೊಡನೆ ಮಾನಕಷಾಯ ಕರಗಿ, ಸೋದರರೊಡನೆ ದೀಕ್ಷೆ ವಹಿಸಿದರು. ಕನ್ನಡ ನಾಡಿನ ಬಸದಿಗಳ ಮುಂದಿರುವ ಮಾನಸ್ತಂಭಗಳು ಇಂದಿಗೂ ಅದೇ ಪಾಠವನ್ನು ಹೇಳುತ್ತಿವೆ.

ಶಿಷ್ಯರಲ್ಲಿ ಅಗ್ರಗಣ್ಯರಾದರೂ ಗೌತಮರು ದೋಷಾತೀತರೆಂದು ಶಾಸ್ತ್ರಕಾರರು ಚಿತ್ರಿಸಲಿಲ್ಲ. ಶ್ವೇತಾಂಬರ ಆಗಮವು ಆನಂದಶ್ರಾವಕನ ಪ್ರಸಂಗವನ್ನು ಮುಚ್ಚಿಡದೆ ಹೇಳುತ್ತದೆ. ಸಲ್ಲೇಖನವ್ರತದಲ್ಲಿದ್ದ ಆ ಗೃಹಸ್ಥನು ತನಗೆ ಲಭಿಸಿದ ಅವಧಿಜ್ಞಾನವನ್ನು ತಿಳಿಸಿದಾಗ, ಗೃಹಸ್ಥನಿಗೆ ಅಷ್ಟು ವಿಸ್ತಾರವಾದ ಜ್ಞಾನ ಅಸಾಧ್ಯವೆಂದು ಗೌತಮರು ಸಂಶಯಪಟ್ಟರು. ಆನಂದನ ಮಾತೇ ಸತ್ಯವೆಂದು ಮಹಾವೀರರು ನಿರ್ಣಯಿಸಿದರು. ಗೌತಮರು ಮರುಮಾತಿಲ್ಲದೆ ಹಿಂದಿರುಗಿ, ಆ ಶ್ರಾವಕನಲ್ಲಿ ಕ್ಷಮೆ ಬೇಡಿದರು. ಪ್ರಿಯಶಿಷ್ಯನೆಂದು ಗುರು ತಪ್ಪನ್ನು ಮರೆಮಾಚಲಿಲ್ಲ. ಹಿರಿಯ ಮುನಿಯೆಂದು ಶಿಷ್ಯ ಹಿಂಜರಿಯಲಿಲ್ಲ. ಇದ್ದುದನ್ನು ಇದ್ದಂತೆ ಕಾಣುವುದೇ ಸಮ್ಯಕ್ತ್ವದ ನಡೆ.

ಆದರೂ ಒಂದು ಸೂಕ್ಷ್ಮ ಬಂಧನ ಉಳಿದಿತ್ತು. ಅದೇ ಪರಂಪರೆ ಹೇಳುವಂತೆ, ಗೌತಮರಿಂದ ಬೋಧೆ ಪಡೆದ ಅನೇಕರು ಕೇವಲಜ್ಞಾನಿಗಳಾದರು. ಬೋಧಿಸಿದ ಅವರಿಗೆ ಮಾತ್ರ ಅದು ದಕ್ಕಲಿಲ್ಲ. ಗುರುವಿನ ಮೇಲಿನ ಗಾಢಾನುರಾಗವೇ ಅಡ್ಡಿಯಾಗಿತ್ತು. ಮಹಾವೀರರು ಪರಿಪೂರ್ಣರೆಂಬ ಅವರ ನಂಬಿಕೆ ಸುಳ್ಳಾಗಿರಲಿಲ್ಲ. ಆದರೆ ಆ ಪರಿಪೂರ್ಣತೆಯನ್ನು ಗುರುವಿನಲ್ಲಿಯೇ ಕಂಡು ತೃಪ್ತಿಪಟ್ಟ ಮನಸ್ಸು, ಅದೇ ಅನಂತಜ್ಞಾನ ತನ್ನ ಆತ್ಮದಲ್ಲಿಯೂ ಹುದುಗಿದೆಯೆಂಬುದನ್ನು ಮರೆತಿತ್ತು. ಶುಭರಾಗವೂ ರಾಗವೇ, ಚಿನ್ನದ ಸಂಕೋಲೆಯೂ ಸಂಕೋಲೆಯೇ.

ಕ್ರಿ.ಪೂ. 527ರಲ್ಲಿ ಪಾವಾಪುರಿಯಲ್ಲಿ ಮಹಾವೀರರು ನಿರ್ವಾಣ ಹೊಂದಿದರೆಂದು ಪರಂಪರೆ ಎಣಿಸುತ್ತದೆ. ಬೋಧನೆಗಾಗಿ ಸಮೀಪದ ಗ್ರಾಮಕ್ಕೆ ಹೋಗಿದ್ದ ಗೌತಮರಿಗೆ ಮರಳುವ ದಾರಿಯಲ್ಲಿ ಆ ವಾರ್ತೆ ತಲುಪಿತು. ಕೊನೆಗಾಲದಲ್ಲಿ ತಮ್ಮನ್ನು ದೂರವಿರಿಸಿದರೆಂದು ಅವರು ಮಗುವಿನಂತೆ ವಿಲಪಿಸಿದರು. ಆ ಶೋಕದಲ್ಲಿಯೇ ವಿವೇಕ ಮೂಡಿತು: ವೀತರಾಗನಿಗೆ ತನ್ನವರು, ಅನ್ಯರು ಎಂಬುದಿಲ್ಲ, ಅನುರಾಗವಿದ್ದುದು ತಮ್ಮಲ್ಲಿ ಮಾತ್ರ. ಮೋಹದ ಕೊನೆಯ ಎಳೆ ಕಳಚಿ, ಕೇವಲಜ್ಞಾನ ಪ್ರಕಟವಾಯಿತು. ಬಳಿಕ 12 ವರ್ಷ ಕೇವಲಿಯಾಗಿದ್ದು ಅವರೂ ಮುಕ್ತರಾದರು.

ದೀಪಾವಳಿಯ ಪ್ರಾತಃಕಾಲ ವೀರನಿರ್ವಾಣವನ್ನು ಸ್ಮರಿಸುವ ದಿಗಂಬರ ಶ್ರಾವಕರು, ಗೌತಮರಿಗೆ ಕೇವಲಜ್ಞಾನವಾದ ಅಂದಿನ ಸಂಜೆ ದೀಪ ಬೆಳಗುತ್ತಾರೆ. ಜಿನಬಿಂಬದ ಮುಂದೆ ಕೈಮುಗಿಯುವ ಭಕ್ತನಿಗೆ ಗೌತಮರ ಬಾಳು ದಾರಿ ತೋರುತ್ತದೆ. ಆದರ್ಶವೆಂಬ ಶಬ್ದಕ್ಕೆ ಕನ್ನಡಿಯೆಂಬ ಅರ್ಥವೂ ಉಂಟು. ಕನ್ನಡಿಯ ಚೌಕಟ್ಟನ್ನು ಪೂಜಿಸಿದ ಮಾತ್ರಕ್ಕೆ ಮುಖದ ಕಲೆ ಹೋಗದು. ಅದರಲ್ಲಿ ತನ್ನನ್ನು ನೋಡಿಕೊಂಡು, ಕಲೆಯನ್ನು ತಾನೇ ತೊಳೆದುಕೊಳ್ಳಬೇಕು.